ಮೇಲ್ಗುಡಿಯ ಮದುಮಗಳು

ಸತ್ತವರ ಮದುವೆಗಳನ್ನು ನೋಡಲೆಂದು ಶಿಹೊ ಆ ಬೆಟ್ಟದ ಗುಡಿಗೆ ಬಂದಾಗ ಅಕ್ಟೋಬರ್ ಅರ್ಧ ಕಳೆದಿತ್ತು. ಸೆಂದಾಯ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಅವಳು ಜನಪದ ಮತ್ತು ಸಮಾಜ ಓದುತ್ತಿದ್ದಳು, ಮೂರನೆಯ ವರ್ಷ. ಹುಟ್ಟಿ ಬೆಳೆದದ್ದು ಚಿಬಾದ ಒಂದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ. ಮನೆಯಲ್ಲಿ ದೇವರ ಗೂಡಿರಲಿಲ್ಲ, ಅಜ್ಜಿ ತಾತ ಇರಲಿಲ್ಲ. ತನ್ನ ದೇಶದ ಬಗ್ಗೆ ತನಗೆ ಗೊತ್ತಿರುವುದೆಲ್ಲ ಪುಸ್ತಕದಿಂದ ಬಂದದ್ದೇ ಎಂಬ ಕೊರಗು ಅವಳನ್ನು ಬಿಟ್ಟಿರಲಿಲ್ಲ. ಕಳಿಸಿಕೊಡುವಾಗ ಹಿರಾಬುಕಿ ಮೇಷ್ಟ್ರು ಹೇಳಿದ್ದು ಇಷ್ಟೇ: "ಪ್ರಶ್ನೆಗಳೆಲ್ಲ ಚೀಲದಲ್ಲೇ ಇರಲಿ. ಹೋಗು, ಕೂತ್ಕೋ, ಕೊಟ್ಟಿದ್ದನ್ನ ತಿನ್ನು. ಜನ ತಾವಾಗೇ ಮಾತಾಡ್ತಾರೆ."

ಯಾಮಾಗಾತಾ ಸೀಮೆಯ ಆ ಕಣಿವೆಯಲ್ಲಿ ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಹೆತ್ತವರು ಚಿತ್ರದಲ್ಲಿ ಮದುವೆ ಮಾಡಿಸುತ್ತಾರೆ. ಯುದ್ಧಕ್ಕೆ ಹೋಗಿ ಬಾರದವನು, ಕೆಮ್ಮಿ ಕೆಮ್ಮಿ ಸೊರಗಿದವಳು, ತೊಟ್ಟಿಲಲ್ಲೇ ಕಣ್ಮುಚ್ಚಿದ ಕೂಸು, ಯಾರೇ ಆಗಲಿ, ಬದುಕಿದ್ದರೆ ಮದುವೆಯ ವಯಸ್ಸು ಬರುತ್ತಿದ್ದ ವರ್ಷ ಹಲಗೆಯ ಮೇಲೆ ವಧೂವರರ ಚಿತ್ರ ಬರೆಸಿ ಗುಡಿಗೆ ಒಪ್ಪಿಸುತ್ತಾರೆ. ಊರಿನವರು ಮೇಲ್ಗುಡಿ ಅನ್ನುವ ಆ ಗುಡಿಯ ಒಳಗೋಡೆ, ತೊಲೆ, ಛಾವಣಿಯ ಮೂಲೆ, ಎಲ್ಲ ಕಡೆ ಮದುಮಕ್ಕಳೇ. ಕಪ್ಪು ನಿಲುವಂಗಿಯ ಗಂಡುಗಳು, ಬಿಳಿ ಮುಸುಕಿನ ಹೆಣ್ಣುಗಳು. ಬಾಗಿಲು ಸರಿಸಿ ಒಳಗೆ ಕಾಲಿಟ್ಟ ಶಿಹೊಗೆ ಕರೆಯದ ಮದುವೆಮನೆಗೆ ನುಗ್ಗಿದ ಹಾಗೆ ಮುಜುಗರವಾಗಿ, ತಾನಾಗಿಯೇ ತಲೆ ಬಗ್ಗಿ ನಮಸ್ಕಾರ ಮಾಡಿದಳು. ಅಷ್ಟೂ ಜೋಡಿ ಕಣ್ಣುಗಳು ಬಾಗಿಲ ಕಡೆಗೇ ಇದ್ದವು.

ಗುಡಿಯ ಗುರುಗಳು ಎಂಜು. ಎಪ್ಪತ್ತರ ಹತ್ತಿರದ ವಯಸ್ಸು, ತೋಟದ ಕೆಲಸದ ಬೂಟಿನಲ್ಲೇ ಸದಾ ಓಡಾಡುವವರು. ಅವಳನ್ನು ಸುತ್ತ ತಿರುಗಿಸಿ ತೋರಿಸುತ್ತಾ ಹೇಳಿದರು:

"ಇದಕ್ಕೆ ಇರೋದು ಒಂದೇ ಕಟ್ಟಳೆ. ಸತ್ತವರ ಪಕ್ಕ ನಿಲ್ಲಿಸೋ ಮುಖ ಯಾರದ್ದೂ ಆಗಿರಬಾರದು. ಹೆಸರೂ ಅಷ್ಟೇ, ಊರಲ್ಲಿ ಯಾರಿಗೂ ಇರಬಾರದು. ಬದುಕಿರೋರ ಮುಖ ಬರೆದುಬಿಟ್ರೆ ಅವರನ್ನ ಕರ್ಕೊಂಡು ಹೋಗ್ತಾರೆ."

"ಯಾರು ಕರ್ಕೊಂಡು ಹೋಗ್ತಾರೆ ಗುರುಗಳೇ?"

"ಹೆಂಡತೀನ ಗಂಡ ಕರ್ಕೊಂಡು ಹೋಗದೆ ಇನ್ಯಾರಮ್ಮ ಹೋಗ್ತಾರೆ?"

ಜಗಲಿಯಲ್ಲಿ ಗುರುಗಳ ಹೆಂಡತಿ ಫುಮಿ, ಕಾಕಿ ಎಂಬ ಕಿತ್ತಳೆ ಬಣ್ಣದ ಹಣ್ಣಿನ ಸಿಪ್ಪೆ ಸುಲಿದು, ಒಣಗಿಸಲು ದಾರಕ್ಕೆ ಪೋಣಿಸುತ್ತಿದ್ದರು. ಅಲ್ಲಿಂದಲೇ ನಕ್ಕರು. "ನೀನೂ ಹುಷಾರು ಕಣಮ್ಮ. ನಿನ್ನ ಫೋಟೋ ಗೀಟೋ ಬಿಟ್ಟು ಹೋಗಬೇಡ ಇಲ್ಲಿ. ಗಂಡುಗಳಿಗೇನು ಬರ ಇಲ್ಲ ನಮ್ಮಲ್ಲಿ."

ಗುಡಿಯ ಹಿಂದಿನ ಕೋಣೆಯಲ್ಲಿ ಅವಳ ಬಿಡಾರವಾಯಿತು. ಬೆಳಗ್ಗೆ ಅಂಗಳ ಗುಡಿಸಿ, ಆಮೇಲೆ ಏಣಿ ಹತ್ತಿ ಒಂದೊಂದೇ ಚಿತ್ರದ ಧೂಳು ಒರೆಸುತ್ತಾ, ಬರೆದುಕೊಳ್ಳುತ್ತಾ ದಿನ ಕಳೆಯಿತು. ಕೆಲವು ದಿನಗಳಲ್ಲಿ ಅವಳಿಗೊಂದು ವಿಷಯ ಹೊಳೆಯಿತು. ಗಂಡುಗಳಿಗೆ ಮುಖ ಇದೆ: ಕಿವಿ ಅಗಲ, ಗಲ್ಲ ಚೂಪು, ಒಬ್ಬನಿಗೆ ಮೆಳ್ಳೆಗಣ್ಣು ಕೂಡ. ಹೆಣ್ಣುಗಳಿಗೆ ಇಲ್ಲ. ಸುಲಿದ ಮೊಟ್ಟೆಯ ಹಾಗೆ ಎಲ್ಲ ಒಂದೇ ಥರ. ತೀರಿಹೋದವಳು ಹುಡುಗಿಯಾಗಿದ್ದರೆ ಅಲ್ಲಿ ತಿರುಗುಮುರುಗು, ಗಂಡು ಬರೀ ಮೊಟ್ಟೆ. ನೋಡುತ್ತಾ ಹೋದರೆ ಯಾರು ಸತ್ತವರು, ಯಾರು ಎಂದೂ ಇರದಿದ್ದವರು ಅನ್ನುವುದು ಕೇಳದೆಯೇ ಗೊತ್ತಾಗುತ್ತಿತ್ತು.

ದೊಡ್ಡ ನಗಾರಿಯ ಹಿಂದೆ, ಕತ್ತಲು ಗೋಡೆಯಲ್ಲಿ ಇದ್ದ ಒಂದು ಚಿತ್ರ ಮಾತ್ರ ಹಾಗಿರಲಿಲ್ಲ. ಅದರಲ್ಲಿ ಇಬ್ಬರಿಗೂ ಮುಖವಿತ್ತು. ಹುಡುಗನ ಕೂದಲು ಶಾಲೆಯ ಹುಡುಗರ ಹಾಗೆ ಮೋಟಾಗಿತ್ತು. ಹುಡುಗಿಯ ಎಡಹುಬ್ಬನ್ನು ಒಂದು ಹಳೆಯ ಗಾಯ ಎರಡು ಮಾಡಿತ್ತು. ಒಂದು ಕಿವಿ ಸ್ವಲ್ಪ ಮಡಚಿತ್ತು. ಬಿಳಿ ಮುಸುಕಿನೊಳಗಿಂದ ಅವಳು ಕಿರಿಕಿರಿಯಿಂದ, ಬೇಗ ಮುಗಿಸಿ ಅನ್ನುವ ಹಾಗೆ ನೋಡುತ್ತಿದ್ದಳು. ಶಿಹೊ ಏಣಿಯ ಮೇಲೆ ಇನ್ನೊಂದು ಮೆಟ್ಟಿಲು ಹತ್ತಿ ಹತ್ತಿರದಿಂದ ನೋಡಿದಳು. ಇದನ್ನು ಯಾರೂ ಮನಸ್ಸಿನಿಂದ ಬರೆದಿರಲಿಲ್ಲ. ಇವಳು ಎಲ್ಲೋ ಇದ್ದವಳು.

ಊಟದ ಹೊತ್ತಿಗೆ ಫುಮಿಯವರನ್ನು ಕೇಳಿದಳು. ಅವರ ಕೈಯಲ್ಲಿದ್ದ ಚಾಕು ನಿಂತು, ಮತ್ತೆ ಚಲಿಸಿತು.

"ಅದಾ. ಹಳೇದು. ಬೂಷ್ಟು ಹಿಡಿದಿದೆ, ಮುಟ್ಟಬೇಡ." ಸಿಪ್ಪೆಗಳನ್ನು ಬದಿಗೆ ತಳ್ಳಿ, "ಮಧ್ಯಾಹ್ನ ಪೇಟೆಗೆ ಇಳೀತೀಯಲ್ಲ, ಎರಡು ತೋಫು ತಾ. ಸೂಪರ್‌ಮಾರ್ಕೆಟ್ಟಲ್ಲೇ ತಾ. ಸೇತುವೆ ಹತ್ರದ ಅಂಗಡೀಲಿ ಬೇಡ" ಅಂದರು.

ಅವತ್ತು ಸೂಪರ್‌ಮಾರ್ಕೆಟ್ಟಿಗೆ ರಜೆ. ಶಿಹೊ ಬೇರೆ ದಾರಿಯಿಲ್ಲದೆ ಸೇತುವೆಯ ಅಂಗಡಿಗೆ ಹೋದಳು. ನೀರಿನ ತೊಟ್ಟಿಯಲ್ಲಿ ಬಿಳಿ ತೋಫು ತೇಲುತ್ತಿತ್ತು, ಒಳಗೆ ಬೆಂದ ಸೋಯಾ ವಾಸನೆ. ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ರಬ್ಬರ್ ಏಪ್ರನ್ ಕಟ್ಟಿಕೊಂಡು ಬಂದು, "ಒಂದಾ, ಎರಡಾ?" ಅಂದಳು.

ಎಡಹುಬ್ಬು ಎರಡಾಗಿತ್ತು. ಕಿವಿ ಮಡಚಿತ್ತು.

ಶಿಹೊ ದುಡ್ಡು ತೆಗೆಯುವುದನ್ನು ಮರೆತು ಆ ಮುಖವನ್ನೇ ನೋಡಿದಳು. ಹೆಂಗಸು ನಿಧಾನವಾಗಿ ಕೈ ಒರೆಸಿಕೊಂಡಳು.

"ಮೇಲ್ಗುಡೀಲಿ ಇರೋ ಕಾಲೇಜು ಹುಡುಗಿ ನೀನೇ ತಾನೇ? ನೋಡಿಬಿಟ್ಯಾ ನನ್ನನ್ನ ಅಲ್ಲಿ?"

"ಕ್ಷಮಿಸಿ."

"ಕ್ಷಮಿಸೋದೇನು ಬಂತು, ನೀನು ಬರೆದಿದ್ದಾ? ಹೇಳು, ಹೇಗಿದೀನಿ? ನಾನಂತೂ ಹೋಗಿ ನೋಡಿಲ್ಲ."

"ಸ್ವಲ್ಪ ಸಿಟ್ಟಲ್ಲಿದೀರಿ."

ಹೆಂಗಸು ಜೋರಾಗಿ ನಕ್ಕಳು. "ಶಾಲೆ ಬಿಡೋ ವರ್ಷದ ತರಗತಿ ಫೋಟೋ ನೋಡಿ ಬರೆಸಿದ್ದು ಅದು. ಅವತ್ತು ಹೊಸ ಬೂಟು ಕಚ್ತಾ ಇತ್ತು. ಅದನ್ನೂ ಬಿಡದೆ ಬರೆದಿದಾನಾ ಆ ಚಿತ್ರಗಾರ ಪುಣ್ಯಾತ್ಮ." ಎರಡು ತೋಫು ಹಾಕಿ ಕೊಡುತ್ತಾ ದನಿ ತಗ್ಗಿಸಿದಳು. "ನಾಳೆ ಬಾ, ಬೆಳಗಿನ ವ್ಯಾಪಾರ ಮುಗಿದ ಮೇಲೆ. ನಿನ್ನ ಹತ್ರ ರೆಕಾರ್ಡರ್ ಇದೆಯಂತಲ್ಲ, ಅದನ್ನ ತಗೊಂಡೇ ಬಾ. ಇಷ್ಟು ವರ್ಷಕ್ಕೆ ಒಬ್ಬರೂ ಮುಖ ನೋಡಿ ಕೇಳಿಲ್ಲ. ಸುಮ್ನೆ ತೋಫು ತಗೊಳ್ಳೋದು ನಿಲ್ಲಿಸಿದ್ರು, ಅಷ್ಟೇ."

ಅವಳ ಹೆಸರು ಮಸಾಯೊ. ಅಂಗಡಿಯ ಹಿಂದೆಯೇ ಮನೆ. ಮರುದಿನ ಬಿಸಿಲು ಚೆನ್ನಾಗಿತ್ತು. ನಡುಮನೆಯಲ್ಲಿ ಕೆಳಗೆ ಕಾವಿಟ್ಟು ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು, ಸುತ್ತ ದಿಂಬು. ಶಿಹೊ ಕಿಟಕಿಯ ಕಡೆ ಕೂರಲು ಹೋದಳು.

"ಅಲ್ಲಿ ಬೇಡ. ಈ ಕಡೆ ಬಾ" ಎಂದಳು ಮಸಾಯೊ, ಬಸ್ಸಿನಲ್ಲಿ ಯಾರೋ ಕೂತ ಜಾಗ ತೋರಿಸುವಷ್ಟು ಸಹಜವಾಗಿ. ಕಿಟಕಿಯ ಕಡೆಯ ಚಾಪೆ ಅಷ್ಟಗಲ ಕಪ್ಪಾಗಿತ್ತು, ಒದ್ದೆ ಬಟ್ಟೆ ಇಟ್ಟೆತ್ತಿದ ಹಾಗೆ.

ರೆಕಾರ್ಡರ್ ಹಾಕಿದ ಮೇಲೆ ಮಸಾಯೊ ಹೇಳಿದ್ದು ಇದು. ಹುಡುಗನ ಹೆಸರು ಮಿತ್ಸುರು. ಮೂರು ವರ್ಷ ಇಬ್ಬರೂ ಒಂದೇ ತರಗತಿ. ಒಂದು ಸಲ ಅವನು ರಬ್ಬರ್ ಕೇಳಿದ್ದ, ಇವಳು ಕೊಟ್ಟಿದ್ದಳು, ಅದು ಬಿಟ್ಟರೆ ಮಾತಿಲ್ಲ. ಶಾಲೆ ಮುಗಿದ ಬೇಸಿಗೆಯಲ್ಲಿ ಮೀನು ಹಿಡಿಯಲು ಹೋದವನು ಹೊಳೆಯಲ್ಲಿ ಮುಳುಗಿದ. ಐದಾರು ವರ್ಷ ಕಳೆದು ಅವನ ತಾಯಿ ಗುಡಿಗೆ ಮದುವೆಯ ಚಿತ್ರ ಒಪ್ಪಿಸಿದಳು. ಗುಡಿಗೆ ಹೋಗಿಬಂದ ಯಾರೋ, ನಿನ್ನ ಮಗಳ ಮುಖ ಅಲ್ಲಿದೆ ಎಂದು ಮಸಾಯೊಳ ತಂದೆಗೆ ಹೇಳಿದರು. ತಂದೆ ಕೊಡಲಿ ಹಿಡಿದುಕೊಂಡೇ ಮೇಲ್ಗುಡಿಗೆ ಹೋದ. ಆಗಿನ ಗುರುಗಳು, ಈಗಿನವರ ತಂದೆ, ಬಾಗಿಲಿಗೆ ಅಡ್ಡ ಮಲಗಿದರು. ಒಪ್ಪಿಸಿದ ಮದುವೆ ಮುರಿದರೆ ಸತ್ತವನ ಮುನಿಸು ತಡೆಯಲಾಗದು, ಬೇಡ ಅಂದರು.

"ಎಲ್ಲರೂ ನಾನು ಹೋಗಿಬಿಡ್ತೀನಿ ಅಂತ ಕಾದ್ರು. ಅಮ್ಮ ತಾಯಿತ ಕಟ್ಟಿದಳು, ಅಪ್ಪ ತಿಂಗಳಿಗೊಂದು ಸಲ ಆಸ್ಪತ್ರೆಗೆ ಎಳ್ಕೊಂಡು ಹೋದ. ನನಗೆ ನೆಗಡಿ ಕೂಡ ಆಗಲಿಲ್ಲ. ಕಲ್ಲಿನ ಹಾಗಿದ್ದೆ. ನಾನು ಹೋಗಲಿಲ್ಲ ಅಂತ ಅವನೇ ಬಂದ."

ಶಿಹೊ ಸುಮ್ಮನೆ ಕೂತಿದ್ದಳು. ಮೇಷ್ಟ್ರು ಹಾಗೇ ಹೇಳಿಕೊಟ್ಟಿದ್ದರು.

"ಮೊದಲ ವರ್ಷ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರ್ತಿರಲಿಲ್ಲ, ಮರ್ಯಾದಸ್ತ. ನಾನು ಹೆದರಿ ಬೆಂಡಾದೆ. ನನ್ನ ನೋಡೋಕೆ ಗಂಡು ಬಂತು, ತ್ಸುರುಓಕಾದ ಬ್ಯಾಂಕಿನೋನು. ಚಹಾ ಕುಡಿದು ಹೋಗಿ, ಹುಡುಗಿ ಪಕ್ಕ ಮೈಯೆಲ್ಲ ನೀರು ಸೋರ್ತಾ ಕೂತಿದ್ದೋನು ಯಾರು ಅಂತ ದಲ್ಲಾಳೀನ ಕೇಳಿದನಂತೆ. ಇನ್ನೊಬ್ಬ ಬಂದ, ಅವನು ಏನೂ ಹೇಳದೆ ಹೊರಟುಹೋದ. ಅಷ್ಟಕ್ಕೆ ನನ್ನ ಮದುವೆ ಮಾತು ಮುಗೀತು." ಅವಳು ಕಿಟಕಿಯ ಕಡೆ ನೋಡಿ, ಕಡ್ಡಿ ತುಂಡಾದ ಹಾಗೆ ಸಣ್ಣಗೆ ನಕ್ಕಳು. "ಅವನಿಗೆ ಹದಿನೆಂಟು ದಾಟೋದೇ ಇಲ್ಲ ನೋಡು. ಇಪ್ಪತ್ತೈದರಲ್ಲಿ ಗಂಡ ಅಂತ ಹೆದರಿದೆ. ಮೂವತ್ತೈದರಲ್ಲಿ ತಮ್ಮ ಅನ್ನಿಸ್ತು. ಐವತ್ತಾಗೋ ಹೊತ್ತಿಗೆ ಮಗನ್ನ ಬೈಯೋ ಹಾಗೆ ಬೈತಿದ್ದೆ. ಈಗ ಮೊಮ್ಮಗ. ಮುಂದೆ ಏನೋ, ನನಗೂ ಗೊತ್ತಿಲ್ಲ."

ಮಾತಿನ ನಡುವೆ ಅವಳು ಆಗಾಗ ತಡೆಯುತ್ತಿದ್ದಳು. ವಯಸ್ಸಾದವರ ತಡೆ ಎಂದು ಶಿಹೊ ಅದನ್ನು ಗಮನಕ್ಕೇ ತಂದುಕೊಳ್ಳಲಿಲ್ಲ. ಹೊರಡುವಾಗ ಅವಳ ಕಾಲುಗಳು ತಣ್ಣಗಾಗಿದ್ದವು, ಕೆಳಗೆ ಕಾವು ಉರಿಯುತ್ತಿದ್ದರೂ.

ಮಾರನೆಯ ದಿನ ಗುಡಿಯ ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ರೆಕಾರ್ಡಿಂಗ್ ಕೇಳುತ್ತಾ ಬರೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಕೇಳಿದಳು.

"ಹೂಂ, ಸೆಂದಾಯ್‌ನೋಳಂತೆ" ಎನ್ನುತ್ತಿದ್ದಳು ಮಸಾಯೊ. ಮೌನ. "ಇಲ್ಲ, ಅಷ್ಟೇನು ದೂರ ಇಲ್ಲ ಈಗ. ಸುರಂಗ ಆಗಿದೆಯಲ್ಲ." ಮೌನ. "ಸುಮ್ನಿರು. ಪಾಪ, ಹೆದರ್ಕೋತಾಳೆ."

ಇದ್ಯಾವುದನ್ನೂ ಶಿಹೊ ಕೇಳಿರಲಿಲ್ಲ. ಎದುರಿಗೇ ಕೂತಿದ್ದರೂ ಮಸಾಯೊ ಹೀಗೆ ಹೇಳಿದ್ದು ಅವಳ ನೆನಪಿನಲ್ಲೇ ಇರಲಿಲ್ಲ. ಕಿವಿಗೆ ಒತ್ತಿಕೊಂಡು ಆ ಮೌನಗಳನ್ನು ಮತ್ತೆ ಮತ್ತೆ ಕೇಳಿದಳು. ಹೊಳೆಯ ಸದ್ದು, ದೂರದಲ್ಲೊಂದು ಲಾರಿ. ಬೇರೇನಿಲ್ಲ.

ರೆಕಾರ್ಡಿಂಗನ್ನು ಹಾಗೆಯೇ ಮೇಷ್ಟ್ರಿಗೆ ಕಳಿಸಿದಳು, ಏನೂ ಹೇಳದೆ. ಸಂಜೆಯೊಳಗೆ ಅವರ ಫೋನ್ ಬಂತು.

"ಹೆಂಗಸಿನ ಮಾತು ಬಹಳ ಚೆನ್ನಾಗಿದೆ. ಆದರೆ ಮುಂದಿನ ಸಲ ಒಬ್ಬರನ್ನೇ ಕೂರಿಸ್ಕೋ. ಆ ಹುಡುಗ ಮಧ್ಯೆ ಮಧ್ಯೆ ಬಾಯಿ ಹಾಕ್ತಾನೆ. ಯಾರವನು, ಮೊಮ್ಮಗನಾ?"

ಶಿಹೊ ಜಗಲಿಯ ಕಂಬ ಹಿಡಿದುಕೊಂಡಳು. "ಏನಂತಾನೆ ಮೇಷ್ಟ್ರೇ?"

"ಅಲ್ಲಿ ಕೂತಿದ್ದೋಳು ನೀನು, ನನ್ನ ಕೇಳ್ತೀಯಲ್ಲ. ಅಮ್ಮ ಹೇಗಿದಾಳೆ ಅಂತಾನೆ. ಎರಡು ಮೂರು ಸಲ ಅದನ್ನೇ ಕೇಳ್ತಾನೆ. ಆಕೆ ಬೇರೆಲ್ಲಾದಕ್ಕೂ ಉತ್ತರ ಕೊಡ್ತಾಳೆ, ಅದಕ್ಕೆ ಮಾತ್ರ ಕೊಡಲ್ಲ. ಏನಾದ್ರೂ ಮನೆಜಗಳ ಇರಬೇಕು, ನೀನು ತಲೆ ಹಾಕಬೇಡ."

ಆ ಸಂಜೆ ಅಡುಗೆಮನೆಯಲ್ಲಿ ಅವಳು ಫುಮಿಯವರ ಪಕ್ಕ ನಿಂತು ಎಲ್ಲ ಹೇಳಿದಳು. ಸೇತುವೆಯ ಅಂಗಡಿಯ ತೋಫು ಎಂದು ಅವರಿಗೆ ಮೊದಲ ತುತ್ತಿಗೇ ಗೊತ್ತಾಗಿತ್ತಂತೆ. "ಅಲ್ಲಿ ಮಾಡಿದಷ್ಟು ಚೆನ್ನಾಗಿ ಈ ಕಣಿವೇಲಿ ಯಾರೂ ಮಾಡಲ್ಲ. ಏನು ಮಾಡೋದು, ಭಯ" ಎಂದು ಅವರು ಒಲೆ ಆರಿಸಿದರು. ಮಿತ್ಸುರುವಿನ ತಾಯಿ ಇನ್ನೂ ಇದ್ದಾಳಾ ಎಂದು ಶಿಹೊ ಕೇಳಿದಳು. ಇದ್ದಾಳೆ, ಪೇಟೆಯ ವೃದ್ಧಾಶ್ರಮದಲ್ಲಿ, ಹೆಸರು ತೊಮಿ. "ಯಾವತ್ತೋ ಹೋಗಬೇಕಿತ್ತು. ಡಾಕ್ಟರೇ ತಲೆ ಕೆರ್ಕೋತಾರೆ. ಅನ್ನ ಬಿಟ್ಟು ಎಷ್ಟು ಕಾಲ ಆಯ್ತೋ, ಜೀವ ಮಾತ್ರ ಹೊರಡ್ತಿಲ್ಲ."

ಮರುದಿನ ಶಿಹೊ ಆಶ್ರಮಕ್ಕೆ ಹೋದಾಗ ತೊಮಿ ಅಜ್ಜಿ ಗಾಲಿಕುರ್ಚಿಯಲ್ಲಿ ಮುದುಡಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಒಣಗಿದ ಎಲೆಯಷ್ಟೇ ತೂಕ ಇದ್ದೀತು. ಶಿಹೊ ಒಳಗೆ ಬಂದಾಗ ಅವಳ ಮುಖ ಅರಳಿ, ಮರುಗಳಿಗೆ ಬಾಡಿತು.

"ನೀನು ಯಾರ ಮನೆಯೋಳು?"

"ಸೆಂದಾಯ್‌ನಿಂದ ಓದೋಕೆ ಬಂದಿದೀನಿ ಅಜ್ಜಿ."

"ಓದು, ಓದು." ಸ್ವಲ್ಪ ಹೊತ್ತಿನ ಮೇಲೆ ಖಾಲಿ ಹಾಸಿಗೆಯೊಂದನ್ನು ತೋರಿಸಿದಳು. "ಅಲ್ಲಿದ್ದೋಳನ್ನ ಅವಳ ಗಂಡ ಬಂದು ಕರ್ಕೊಂಡು ಹೋದ. ನಾನೇ ನೋಡಿದೆ, ಟೋಪಿ ತೆಗೆದು ನಮಸ್ಕಾರ ಮಾಡಿದ. ಮೂಲೆಯೋಳಿಗೆ ಅಕ್ಕ ಬಂದಿದ್ದಳು. ನಮ್ಮನೆಯೋರು ಬರಲ್ಲ, ಬದುಕಿದ್ದಾಗಲೂ ನಮಗೆ ಆಗ್ತಿರಲಿಲ್ಲ. ನನಗೆ ಮಗ ಬರಬೇಕು. ಅವನು ಹೆಂಡತಿ ಮನೇಲಿ ಕೂತಿದಾನೆ."

ಶಿಹೊ ಕುರ್ಚಿಯ ಪಕ್ಕ ಮಂಡಿಯೂರಿ ಕೂತಳು. "ಆ ಹುಡುಗಿ ಮುಖಾನೇ ಯಾಕೆ ಬರೆಸಿದ್ರಿ ಅಜ್ಜಿ?"

"ಬೇರೆ ಹೆಣ್ಣಿನ ಹೆಸರು ಅವನ ಬಾಯಲ್ಲಿ ಬಂದಿದ್ದೇ ಇಲ್ಲ. ಒಂದಿನ ಊಟ ಮಾಡ್ತಾ, ಇವತ್ತು ಮಸಾಯೊ ರಬ್ಬರ್ ಕೊಟ್ಟಳಮ್ಮ ಅಂದ. ಮತ್ತೆ ಅನ್ನ ಹಾಕಿಸ್ಕೊಂಡ." ತೊಮಿಯ ಬೆರಳು ಶಿಹೊಳ ಮಣಿಕಟ್ಟನ್ನು ಹಿಡಿಯಿತು. ಆ ಬೆರಳಿನಲ್ಲಿ ಅಷ್ಟು ಬಲ ಇರಬಹುದೆಂದು ಯಾರೂ ಹೇಳಲಾರರು. "ಅವಳಿಗೆ ಹೇಳು. ಒಂದು ದಿನದ ಮಟ್ಟಿಗೆ ಕಳಿಸು ಅಂತ ಹೇಳು. ಕಳಿಸ್ತಾಳಾ?"

ಸೇತುವೆಯ ಅಂಗಡಿಯಲ್ಲಿ ಮಸಾಯೊ ಅದನ್ನು ಪೂರ್ತಿ ಕೇಳಿಸಿಕೊಂಡಳು. ತೋಫು ಕತ್ತರಿಸುವ ಅಗಲ ಚಾಕು ನೀರಿನೊಳಗೆ ಹೋಗುತ್ತಾ ಬರುತ್ತಾ ಇತ್ತು.

"ಕಳಿಸಬೇಕಂತಾ? ಕೊಡುವಾಗ ನನ್ನ ಕೇಳಿದ್ಲಾ ಮುದುಕಿ? ಇಪ್ಪತ್ತಮೂರು ವರ್ಷದ ಹುಡುಗಿ ತಲೆಗೆ ಹೆಣ ಕಟ್ಟಿ, ಈಗ ಅದನ್ನ ಎರವಲು ಕೇಳೋಕೆ ನಾಲಿಗೆ ಬೇರೆ. ಹೋಗಿ ಹೇಳು, ಬಿಡುವಿಲ್ಲ ಅವನಿಗೆ ಅಂತ."

"ಮಸಾಯೊ ಅವರೇ, ಇನ್ನೊಂದು ವಿಷಯ." ಶಿಹೊ ತೊಟ್ಟಿಯ ಹತ್ತಿರ ಬಂದಳು. "ಮಿತ್ಸುರು ಅವರು ನಿಮ್ಮನ್ನ ಕೇಳ್ತಿದ್ರು, ಅಮ್ಮ ಹೇಗಿದಾಳೆ ಅಂತ. ರೆಕಾರ್ಡಿಂಗಲ್ಲಿ ನನ್ನ ಮೇಷ್ಟ್ರಿಗೆ ಕೇಳಿಸಿದೆ. ನೀವು ಉತ್ತರ ಕೊಡಲಿಲ್ಲ."

ಚಾಕು ನೀರಿನಲ್ಲೇ ನಿಂತಿತು.

"ಬಂದ ದಿನದಿಂದ ಕೇಳ್ತಾನೇ ಇದಾನೆ."

"ಯಾಕೆ ಹೇಳಲ್ಲ?"

"ಹೇಳಿದ್ರೆ ಹೋಗಿಬಿಡ್ತಾನಲ್ಲ" ಎಂದಳು ಮಸಾಯೊ. "ದಾರಿ ಗೊತ್ತಿಲ್ಲ ಅವನಿಗೆ. ಚಿತ್ರ ಎಲ್ಲಿಗೆ ಕಟ್ಟಿದೆಯೋ ಅಲ್ಲಿಗೆ ಬಂದ, ಅಷ್ಟೇ ಅವನು ಬಲ್ಲ. ಮೊದಮೊದಲು ಸಿಟ್ಟಿಗೆ ಹೇಳಲಿಲ್ಲ. ಅವಳ ಮಗನ್ನ ಅವಳಿಗೆ ಸಿಗದ ಹಾಗೆ ಇಟ್ಕೋತೀನಿ ಅಂತ. ಆಮೇಲೆ..." ಅಂಗಡಿಯ ಒಳಬಾಗಿಲ ಕಡೆ ಅವಳ ಕಣ್ಣು ಹೋಯಿತು. "ಆಮೇಲೆ ಅಪ್ಪ ಹೋದ, ಅಮ್ಮ ಹೋದಳು. ಊರು ತೋಫು ತಗೊಳ್ಳೋದು ಬಿಟ್ಟಿತ್ತು. ಮನೇಲಿ ಮಾತಾಡೋಕೆ ಅಂತ ಇನ್ಯಾರಿದ್ರು?"

ಶಿಹೊ ಹಣ ಇಟ್ಟು, ತೋಫು ತೆಗೆದುಕೊಳ್ಳುವುದನ್ನೂ ಮರೆತು ಬಂದಳು. ತಾನು ಏನೋ ಕಲಿಯಲು ಬಂದು, ಯಾರದೋ ಮನೆಯ ಕಂಬ ಅಲ್ಲಾಡಿಸಿದೆ ಅನ್ನಿಸಿತು. ಮಲಗಿದರೆ ಹೊಳೆಯ ಸದ್ದು ದಿಂಬಿನೊಳಗಿಂದಲೇ ಬರುತ್ತಿತ್ತು. ಸೆಂದಾಯ್‌ಗೆ ವಾಪಸು ಹೋಗಿಬಿಡಲೇ ಎಂದು ಚೀಲಕ್ಕೆ ಬಟ್ಟೆ ತುಂಬಿದಳು, ಮತ್ತೆ ತೆಗೆದಳು.

ಬೆಟ್ಟದ ತುದಿಯಲ್ಲಿ ಮೊದಲ ಹಿಮ ಕಂಡ ದಿನ ಮಸಾಯೊ ಗುಡಿಗೆ ಫೋನ್ ಮಾಡಿದಳು. "ಆ ಹುಡುಗಿಗೆ ಹೇಳಿ, ಮಧ್ಯಾಹ್ನ ಆಶ್ರಮದ ಹತ್ರ ಬರಲಿ. ಒಬ್ಬಳೇ ಹೋಗೋಕೆ ನನಗೆ ಕಾಲು ಬರಲ್ಲ."

ಒಳ್ಳೆಯ ಬೂದುಬಣ್ಣದ ಕಿಮೊನೊ ಉಟ್ಟು, ಕೈಯಲ್ಲಿ ಬಟ್ಟೆ ಸುತ್ತಿದ ತೋಫು ಡಬ್ಬಿ ಹಿಡಿದು ಅವಳು ಕಾಯುತ್ತಿದ್ದಳು. ತುಟಿಗೆ ಬಣ್ಣ ಹಚ್ಚಿದ್ದಳು. ಗಾಜಿನ ಬಾಗಿಲು ತಾನಾಗಿ ತೆರೆಯಿತು, ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಬೂಟು ಬಿಚ್ಚಲು ಬಗ್ಗಿದ ಶಿಹೊಳ ಬೆನ್ನ ಹಿಂದೆ ಅದು ಮತ್ತೆ ತೆರೆಯಿತು. ತಣ್ಣನೆ ಗಾಳಿ ಬಂತು, ಹೊಳೆಯ ಪಾಚಿಯ ವಾಸನೆಯ ಗಾಳಿ. ಮೇಜಿನ ಹಿಂದಿದ್ದ ಹುಡುಗಿ ತಲೆ ಎತ್ತಿ, ಯಾರೂ ಕಾಣದೆ, "ಈ ಸೆನ್ಸರ್ ಕೆಟ್ಟಿದೆ ಅನ್ಸುತ್ತೆ" ಅಂದಳು. ಮಸಾಯೊ ತಿರುಗಿ ನೋಡಲಿಲ್ಲ. "ಕಾಲು ಒರೆಸ್ಕೋ" ಎಂದು ಮೆಲ್ಲನೆ ಅಂದಳು. ಅದು ಶಿಹೊಗೆ ಹೇಳಿದ್ದಲ್ಲ.

ತೊಮಿ ಅಜ್ಜಿ ಬಾಗಿಲನ್ನೇ ನೋಡುತ್ತಿದ್ದಳು. ಮಸಾಯೊ ಎದುರು ಹೋಗಿ ನಿಂತಳು. ಬೈಯಲೆಂದು ಇಷ್ಟು ವರ್ಷ ಕೂಡಿಟ್ಟ ಮಾತುಗಳೆಲ್ಲ ಇದ್ದವೇನೋ, ಅವಳ ಕೆನ್ನೆ ಒಂದು ಸಲ ನಡುಗಿತು. ಆದರೆ ಮುದುಕಿ ಅವಳನ್ನು ನೋಡಲೇ ಇಲ್ಲ. ಅವಳ ಭುಜದ ಆಚೆ, ಸ್ವಲ್ಪ ಮೇಲಕ್ಕೆ, ಒಬ್ಬ ಎತ್ತರದ ಹುಡುಗನ ಮುಖ ಇರಬಹುದಾದ ಜಾಗವನ್ನು ನೋಡುತ್ತಿದ್ದಳು.

"ಒಂದಿಷ್ಟೂ ಬೆಳೆದಿಲ್ಲ" ಎಂದಳು ತೊಮಿ.

"ಎಲ್ಲಿಂದ ಬೆಳೀತಾನೆ" ಎಂದಳು ಮಸಾಯೊ.

"ತಲೆ ಒದ್ದೆ ಇದೆ."

"ಎಷ್ಟು ಒರೆಸಿದ್ರೂ ಒಣಗಲ್ಲ ಅತ್ತೆ. ನಾನು ಒರೆಸದೆ ಬಿಟ್ಟಿಲ್ಲ."

ಅತ್ತೆ ಎಂಬ ಆ ಮಾತಿಗೆ ತೊಮಿಯ ಕಣ್ಣು ಮೊದಲ ಸಲ ಸರಿದು ಮಸಾಯೊಳ ಮುಖದ ಮೇಲೆ ನಿಂತಿತು. ಹುಬ್ಬಿನ ಗಾಯ, ಬಿಳಿಗೂದಲು, ಬಣ್ಣದ ತುಟಿ, ಎಲ್ಲವನ್ನೂ ನೋಡಿತು. ಅವಳು ಕುರ್ಚಿಯಲ್ಲೇ ಎರಡೂ ಕೈ ಮೊಣಕಾಲ ಮೇಲಿಟ್ಟು ಹಣೆ ಕೈಗೆ ತಾಗುವಷ್ಟು ಬಗ್ಗಿದಳು. ಹಾಗೇ ಇದ್ದಳು. ಮಸಾಯೊ, ಏಳಿ ಅನ್ನಲಿಲ್ಲ, ಬಿಡಿ ಅನ್ನಲಿಲ್ಲ. ತೋಫು ಡಬ್ಬಿಯನ್ನು ಪಕ್ಕದ ಮೇಜಿನ ಮೇಲಿಟ್ಟು, ತನ್ನ ಹಿಂದಿನ ಖಾಲಿ ಜಾಗಕ್ಕೆ ತಿರುಗಿ ಹೇಳಿದಳು:

"ಕೇಳ್ತಿದ್ಯಲ್ಲ. ಇಗೋ, ಇಲ್ಲಿದಾಳೆ ನಿಮ್ಮಮ್ಮ. ಹೀಗಿದಾಳೆ."

ಹೊರಗೆ ಬರುವಾಗ ಗಾಜಿನ ಬಾಗಿಲು ಅವರಿಬ್ಬರಿಗೆ ತೆರೆದು, ಮುಚ್ಚಿತು. ಮಸಾಯೊ ಮೆಟ್ಟಿಲ ಮೇಲೆ, ಹಿಂದೆ ಬರುವವರಿಗೆ ಕಾಯುವವರ ಹಾಗೆ ಸ್ವಲ್ಪ ನಿಂತಳು. ಬಾಗಿಲು ಮುಚ್ಚಿಯೇ ಇತ್ತು. ಹನಿ ಶುರುವಾಗಿತ್ತು, ಅವಳು ಛತ್ರಿ ಬಿಚ್ಚಿ ನಡೆದಳು.

ಮರುದಿನ ಬೆಳಗಾಗುವ ಮೊದಲೇ ತೊಮಿ ತೀರಿಕೊಂಡಳು. ಆ ರಾತ್ರಿ ಪಾಳಿಯಲ್ಲಿದ್ದ ನರ್ಸು ಆಮೇಲೆ ಫುಮಿಯವರಿಗೆ ಹೇಳಿದ್ದು: ಅಜ್ಜಿ ನೀರು ಕೇಳಲಿಲ್ಲ, ಯಾರ ಹೆಸರೂ ಹೇಳಲಿಲ್ಲ, ಒಂದು ಒಣ ಟವೆಲ್ ಕೊಡು ಅಂದಳು. ಕೊಟ್ಟರು. ಬೆಳಗ್ಗೆ ನೋಡಿದರೆ ಟವೆಲ್ ಹಿಂಡುವಷ್ಟು ಒದ್ದೆ, ಹಾಸಿಗೆಯಿಂದ ಬಾಗಿಲವರೆಗೆ ನೆಲದ ಮೇಲೆ ನೀರು. ಹೂದಾನಿ ಮಗುಚಿತ್ತೇನೋ ಎಂದು ನೋಡಿದರಂತೆ. ಹೂದಾನಿಯೇ ಇರಲಿಲ್ಲ.

ಉತ್ತರಕ್ರಿಯೆ ಮೇಲ್ಗುಡಿಯಲ್ಲೇ ನಡೆಯಿತು. ಬಂದವರು ಹತ್ತಿಪ್ಪತ್ತು ಜನ. ಮನೆಯವರು ಕೂರುವ ಮುಂದಿನ ಸಾಲು ಖಾಲಿ ಇತ್ತು. ಎಂಜು ಗುರುಗಳು ಮಂತ್ರ ಶುರು ಮಾಡುವ ಹೊತ್ತಿಗೆ ಕಪ್ಪು ಕಿಮೊನೊ ಉಟ್ಟ ಮಸಾಯೊ ಒಳಗೆ ಬಂದು, ಯಾರನ್ನೂ ನೋಡದೆ ನೇರ ಹೋಗಿ ಸೊಸೆಯ ಜಾಗದಲ್ಲಿ ಕೂತಳು. ಹಿಂದೆ ಗುಸುಗುಸು ಎದ್ದಿತು, ನಿಂತಿತು. ಧೂಪ ಹಾಕುವ ಸರದಿಯಲ್ಲಿ ಊರಿನವರು ಒಬ್ಬೊಬ್ಬರಾಗಿ ಅವಳ ಮುಂದೆ ಬಂದು ತಲೆ ಬಗ್ಗಿಸಿದರು. ಅವಳೂ ಬಗ್ಗಿಸಿದಳು.

ಎಲ್ಲ ಮುಗಿದ ಮೇಲೆ ಗುರುಗಳು ಅವಳ ಪಕ್ಕ ಬಂದು ಕೂತರು. "ಆ ಚಿತ್ರ ಏನು ಮಾಡೋಣ ಹೇಳಮ್ಮ. ನಮ್ಮಪ್ಪನ ಕಾಲದಲ್ಲೇ ನಿನ್ನ ಕೇಳಬೇಕಿತ್ತು."

"ತೋರಿಸಿ" ಎಂದಳು ಮಸಾಯೊ.

ಶಿಹೊ ಏಣಿ ಹಾಕಿ ಅದನ್ನು ಇಳಿಸಿದಳು. ಬೆಳಕಿಗೆ ತಂದು ಗೋಡೆಗೆ ಒರಗಿಸಿದರು. ಮಸಾಯೊ ಮಂಡಿಯೂರಿ ಕೂತು ತನ್ನನ್ನು ತಾನು ನೋಡಿದಳು. "ಇಷ್ಟು ಚಿಕ್ಕೋಳಾಗಿದ್ನಾ" ಅಂದಳು. ಹುಡುಗನ ಕಡೆ ನೋಡಿದಳೋ ಇಲ್ಲವೋ ಶಿಹೊಗೆ ತಿಳಿಯಲಿಲ್ಲ. "ಸುಟ್ಟುಬಿಡಿ."

ಅಂಗಳದಲ್ಲಿ ದೇವದಾರು ಸೊಪ್ಪಿನ ಮೇಲೆ ಇಟ್ಟು ಗುರುಗಳು ಬೆಂಕಿ ಕೊಟ್ಟರು. ಸೊಪ್ಪು ಉರಿದು ಬೂದಿಯಾಯಿತು. ಹಲಗೆ ಹಾಗೇ ಇತ್ತು. ಮತ್ತೆ ಕಟ್ಟಿಗೆ ಒಟ್ಟಿದರು. ಇಷ್ಟು ವರ್ಷ ಒಣ ಗೋಡೆಯಲ್ಲಿ ತೂಗಿದ್ದ ಮರ, ಬೆಂಕಿ ತಾಕಿದಲ್ಲೆಲ್ಲ ಸುಯ್ಯೆಂದು ಸದ್ದು ಮಾಡುತ್ತಿತ್ತು. ಅಂಚಿನಿಂದ ನೀರು ಜಿನುಗಿ ಬೆಂಕಿಗೆ ಬೀಳುತ್ತಿತ್ತು. ಫುಮಿಯವರು ಜಪಮಾಲೆ ಹಿಡಿದು ಕಣ್ಣು ಮುಚ್ಚಿಕೊಂಡರು. ಶಿಹೊ ಎರಡು ಹೆಜ್ಜೆ ಹಿಂದೆ ಸರಿದಳು. ಮಸಾಯೊ ಮಾತ್ರ ಹತ್ತಿರ ಹೋಗಿ, ಕೋಲಿನಿಂದ ಕಟ್ಟಿಗೆ ಸರಿಮಾಡುತ್ತಾ, ಹಠ ಮಾಡುವ ಮಗುವಿಗೆ ಹೇಳುವ ಹಾಗೆ "ಸಾಕು, ಸಾಕು. ಹೋಗು. ಅಮ್ಮ ಕಾಯ್ತಿದಾಳೆ" ಎನ್ನುತ್ತಿದ್ದಳು. ಕೊನೆಗೆ ಹಲಗೆ ಬಿರಿದು ಹತ್ತಿಕೊಂಡಿತು. ಅದು ಉರಿಯುವಾಗ ಅಂಗಳದ ತುಂಬ ಹೊಳೆಯ ವಾಸನೆ.

ಆ ವಾರವೇ ಶಿಹೊ ಊರು ಬಿಟ್ಟಳು. ಬಸ್ಸಿಗೆ ಹೊತ್ತಿದ್ದುದರಿಂದ ಸೇತುವೆಯ ಅಂಗಡಿಗೆ ಹೋದಳು. ಬಾಗಿಲಲ್ಲಿ ಮೂರು ಜನ ತೋಫು ಕೊಳ್ಳಲು ನಿಂತಿದ್ದರು, ಅದರಲ್ಲಿ ಒಬ್ಬರು ಫುಮಿ. ಅವರೆಲ್ಲ ಹೋದ ಮೇಲೆ ಮಸಾಯೊ ಅವಳನ್ನು ಒಳಗೆ ಕರೆದಳು. ಕಿಟಕಿಯ ಕಡೆ ಹೊಸ ಚಾಪೆ ಹಾಕಿದ್ದಳು, ಹಸಿರು ಹುಲ್ಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ನಿದ್ದೆ ಬರಲ್ಲ" ಎಂದಳು ಚಹಾ ಬಗ್ಗಿಸುತ್ತಾ. "ಸಿಟ್ಟು ಬರುತ್ತೆ ನನಗೆ. ಬರುವಾಗ ನನ್ನ ಕೇಳಲಿಲ್ಲ. ಹೋಗುವಾಗ ಹೋಗ್ತೀನಿ ಅಂತ ಒಂದು ಮಾತು ಹೇಳಲಿಲ್ಲ. ಗಂಡಸು ಅಂದ್ರೆ ಹದಿನೆಂಟಕ್ಕೇ ಹಿಂಗೆ ನೋಡು." ನಗಲು ನೋಡಿದಳು, ಆಗಲಿಲ್ಲ. "ಮನೆ ಎಷ್ಟು ದೊಡ್ಡದು ಅಂತ ಈಗ ಗೊತ್ತಾಗ್ತಿದೆ. ಎಲ್ಲ ಬರ್ಕೊಂಡ್ಯಾ ನಿನ್ನ ಓದಿಗೆ?"

"ಬರೆಯೋದಾ ಬೇಡವಾ ಗೊತ್ತಾಗ್ತಿಲ್ಲ ಮಸಾಯೊ ಅವರೇ."

"ಬರಿ. ಹೆಸರು ಬದಲಾಯಿಸು. ನನ್ನ ಮುಖ ಮಾತ್ರ ಎಲ್ಲೂ ಹಾಕಬೇಡ." ಅವಳು ಲೋಟ ಕೆಳಗಿಟ್ಟಳು. ಹೊಳೆಯ ಸದ್ದು ಕೇಳುತ್ತಿತ್ತು, ಅದೊಂದೇ. "ಬಸ್ಸಿಗೆ ಇನ್ನೂ ಹೊತ್ತಿದೆಯಲ್ಲ. ಸುಮ್ನೆ ಕೂರಬೇಡ ಹುಡುಗಿ. ಏನಾದ್ರೂ ಮಾತಾಡು, ಏನಾದ್ರೂ ಸರಿ. ನಾನು ಉತ್ತರ ಕೊಡ್ತೀನಿ."

ಶಿಹೊ ರೆಕಾರ್ಡರನ್ನು ಚೀಲದಿಂದ ತೆಗೆಯಲಿಲ್ಲ. ಹೊಸ ಚಾಪೆಯ ಮೇಲೆ, ಕಿಟಕಿಯ ಕಡೆ ಹೋಗಿ ಕೂತು, ಚಿಬಾದಲ್ಲಿರುವ ತನ್ನ ಅಮ್ಮನ ಬಗ್ಗೆ ಹೇಳತೊಡಗಿದಳು.